ಒಂದು ಹಿಡಿ ಹೆಚ್ಚು

ತೂಕ ಮತ್ತು ಅಳತೆ ಇಲಾಖೆಯವನು ನಾನು.
ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಂದ ತಳಕಿನ ಕಿರಾಣಿಗಳವರೆಗೆ
ತಕ್ಕಡಿಯ ನಾಲಿಗೆ ಸುಳ್ಳಾಡುತ್ತದೋ ಎಂದು
ಬಗ್ಗಿ ನೋಡುವುದಕ್ಕೇ ಸಂಬಳ.

ಕರೆಬಂಡೆಹಟ್ಟಿಯಲ್ಲಿ ಅವತ್ತು ಕೊನೆಯ ಬಸ್ಸು
ನೋಡಿಯೂ ನೋಡದ ಹಾಗೆ ಹೋಯಿತು.
ಬಟ್ಟುಗಳ ಪೆಟ್ಟಿಗೆ ಹೊತ್ತು ನಿಂತೆ.
ಐದು ಕೇಜಿಯ ಬಟ್ಟು ಅರ್ಧ ಮೈಲಿ ನಡೆದರೆ ಹತ್ತಾಗುತ್ತದೆ,
ಇದು ಯಾವ ಕೈಪಿಡಿಯಲ್ಲೂ ಬರೆದಿಲ್ಲ.

"ಪಾಲಕ್ಕನ ಮನೇಲಿ ಒಂದ್ ಕೋಣೆ ಐತೆ.
ಫ್ಯಾನಿಲ್ಲ. ಊಟ ಐತೆ"
ಎಂದ ಕುರಿ ಹೊಡೆದುಕೊಂಡು ಬಂದ ಹುಡುಗ,
ನನ್ನ ಪೆಟ್ಟಿಗೆಯಲ್ಲಿ ಹಾವಿದೆಯೋ ಎಂಬಂತೆ ದೂರ ನಿಂತು.

ಕೋಣೆಯೆಂದರೆ ಒಂದು ಹೊರಸು, ಕರಿ ಕಂಬಳಿ,
ಮೂಲೆಯಲ್ಲಿ ಎದೆಮಟ್ಟ ಶೇಂಗಾ ಚೀಲ,
ಮೂರು ವರ್ಷ ಹಿಂದಿನ ಕ್ಯಾಲೆಂಡರಿನಲ್ಲಿ ನಿಂತುಹೋದ ಒಂದು ಆಗಸ್ಟ್.
ಪಾಲಕ್ಕ ಬಾಗಿಲಲ್ಲಿ ಕೂತು, ಕನ್ನಡಕ ಮೂಗಿಗೆ ಜಾರಿಸಿ,
ನಿನ್ನೆಯ ಪೇಪರಿನಲ್ಲಿ ಶೇಂಗಾ ಧಾರಣೆ ಓದುತ್ತಿದ್ದಳು, ಜೋರಾಗಿ,
ಒಲೆಯ ಮುಂದಿದ್ದ ಗಂಡ ಬೋಸಯ್ಯನಿಗೆ ಕೇಳಲೆಂದು.

ಹನ್ನೊಂದು ವರ್ಷ ಲಾಡ್ಜುಗಳಲ್ಲಿ ಉಂಡವನು ನಾನು.
ಬೆರಳಷ್ಟು ಬಟ್ಟಲಲ್ಲಿ ಪಲ್ಯ,
ಎರಡನೇ ಸಲದ ಸಾರಿಗೆ ಮಾಣಿಯ ಮುಖ.
ಇಲ್ಲಿ ಕಂಚಿನ ಗಂಗಾಳ,
ಅದರೊಳಗೆ ಆವಿಯಾಡುವ ನವಣಕ್ಕಿ ಅನ್ನ,
ನಡುವೆ ಗುಳಿ ಮಾಡಿ ಹುರುಳಿಕಟ್ಟಿನ ಸಾರು,
ಬೆಳ್ಳುಳ್ಳಿ ಇನ್ನೂ ಚಿಟಿಚಿಟಿ ಅನ್ನುತ್ತಿದೆ.
ಅಂಚಿಗೆ ಹುಚ್ಚೆಳ್ಳಿನ ಪುಡಿ, ಕೆಂಡದಲ್ಲಿ ಸುಟ್ಟ ಬದನೆ,
ಮೇಲೆ ತುಪ್ಪ.
ತುಪ್ಪವನ್ನು ಅವಳು ಚಮಚದಲ್ಲಿ ಹಾಕಲಿಲ್ಲ,
ಚೊಂಬನ್ನೇ ಬಗ್ಗಿಸಿದಳು, ಬಗ್ಗಿಸಿದ್ದನ್ನು ಮರೆತಳು.

ಸಾಕು ಎಂದೆ.
ಸಾಕಮ್ಮಾ ಎಂದೆ.
"ಈ ಮನೇಲಿ ಸಾಕು ಅನ್ನೋದು ಮೂರನೇ ಸಲಕ್ಕೇ ಕೇಳೋದು"
ಎಂದ ಬೋಸಯ್ಯ, ರಾತ್ರಿಯಿಡೀ ಅವನಾಡಿದ ಒಂದೇ ಮಾತು.

ಮಾಳಿಗೆ ಹತ್ತಿ ಮಲಗಿದೆ.
ದೂರದ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪ
ಒಮ್ಮೆ ಹತ್ತಿ, ಒಮ್ಮೆ ಆರಿ.
ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ,
ಯಾರೋ ನಂಬಿ ಕೊಟ್ಟುಹೋದ ಗಂಟಿನ ಮೇಲೆ ಇಟ್ಟ ಹಾಗೆ.

ಈ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ಅದು ಅವರ ಕಟ್ಟು.
ಆದ್ದರಿಂದ ಬೆಳಗನ್ನು ಯಾರೂ ಕೂಗಿ ಹೇಳಲಿಲ್ಲ.
ಬಿಸಿಲೇ ಬಂದು ರೆಪ್ಪೆಯ ಮೇಲೆ ಕೂತಾಗ
ಕೆಳಗೆ ಕಾಳು ಸುರಿಯುವ ಸದ್ದು.

ನೆರೆಮನೆಯವಳಿಗೆ ನವಣೆ ಅಳೆಯುತ್ತಿದ್ದಳು ಪಾಲಕ್ಕ,
ಮುದ್ರೆಯಿಲ್ಲದ, ಬಾಯಿ ಸೊಟ್ಟಗಾದ ಕಬ್ಬಿಣದ ಸೇರು.
ಕೈ ತಾನಾಗಿಯೇ ಕೇಸಿನ ಪುಸ್ತಕಕ್ಕೆ ಹೋಯಿತು.
ಇಸಕೊಂಡೆ, ತುಂಬಿಸಿದೆ, ನನ್ನ ಲೀಟರಿಗೆ ಸುರಿದೆ.
ಲೀಟರು ತುಂಬಿಯೂ ಸೇರಿನ ತಳದಲ್ಲಿ
ಒಂದು ಹಿಡಿ ಉಳಿಯಿತು.

"ಇದು ಹೆಚ್ಚು ಹಿಡಿಯುತ್ತಮ್ಮಾ, ಗೊತ್ತೇನು?"
"ನಮ್ಮತ್ತೆ ಕಾಲದ್ದು ಸಾಮಿ.
ಬಿದ್ದು ಬಿದ್ದು ಅದಕ್ಕೂ ಹೊಟ್ಟೆ ಬಂದೈತೆ."

ಕಡಿಮೆಯಾದರೆ ದಂಡ, ಕಲಮು ಬಾಯಿಪಾಠ.
ಹೆಚ್ಚಾದರೆ?
ಪುಸ್ತಕ ತಿರುವಿದ ಹಾಗೆ ಮಾಡಿದೆ. ನೆರೆಮನೆಯವಳು ನಕ್ಕಳು.

ಕೋಣೆಗೆ ನೂರೈವತ್ತು ಎಣಿಸಿ ಕೊಟ್ಟೆ.
ಊಟಕ್ಕೆ?
"ಊಟದ ಲೆಕ್ಕ ಬರಿಯಾಕೆ ನನಗೆಲ್ಲಿ ಓದು ಬರಹ ಬರ್ತೈತೆ"
ಎಂದಳು ಪಾಲಕ್ಕ, ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು.

ಸುಳ್ಳು ಹಿಡಿಯುವುದು ನನ್ನ ಕಸುಬು.
ಕಮಕ್ ಕಿಮಕ್ ಅನ್ನದೆ ಪೆಟ್ಟಿಗೆ ಎತ್ತಿಕೊಂಡೆ.
ಅದು ನಿನ್ನೆಗಿಂತ ಭಾರವಿತ್ತು.

ಹಿರೇಹಳ್ಳಿಯ ಅಂಗಡಿಯಲ್ಲಿ ಮುಚ್ಚಳ ತೆರೆದರೆ
ಬಟ್ಟುಗಳ ಸಂದಿಯಲ್ಲಿ ಎಲೆಯ ಪೊಟ್ಟಣ, ಆರು ಶೇಂಗಾ ಹೋಳಿಗೆ.
"ಏನ್ ಸಾರ್, ಸರ್ಕಾರದ ಕೇಜಿ ತುಪ್ಪ ನಾರ್ತೈತೆ?"
ಎಂದು ಸೆಟ್ಟಿ ಮೂಗರಳಿಸಿದ.
ತಕ್ಕಡಿಗೆ ಇಡುವ ಮೊದಲು
ಕರವಸ್ತ್ರದಿಂದ ಒರೆಸಿದೆ.
ಪೂರ್ತಿ ಹೋಗಲಿಲ್ಲ.